ಹನುಮಾನ್ ಘಾಟಿನ ಜಪಾನಿ ಹೋಟೆಲ್ಲು

ಸಂಜೆ ಹೊತ್ತು ನಮ್ಮ ಬಡಾವಣೆಯ ತಿರುವಿನಲ್ಲಿ ಒಂದು ಗೋಬಿ ಮಂಚೂರಿ ಗಾಡಿ ನಿಲ್ಲುತ್ತದೆ. ಅದರ ಪಕ್ಕ ಹಾದುಹೋಗುವಾಗ ಕಾದ ಬಾಣಲೆಗೆ ಸೋಯಾ ಸಾಸ್ ಬಿದ್ದು ಚುರ್ರೆಂದರೆ ನನ್ನ ಕಾಲು ತಾನಾಗಿಯೇ ನಿಂತುಬಿಡುತ್ತದೆ. ಉಪ್ಪುಪ್ಪಾದ, ಸ್ವಲ್ಪ ಸುಟ್ಟ ಬೆಲ್ಲದಂಥ ಆ ಹೊಗೆ ಮೂಗಿಗೆ ತಾಕಿದ್ದೇ ತಡ, ಮೈಸೂರಿನ ಈ ಅಗಲವಾದ ರಸ್ತೆ, ಸಾಲುಮರ, ಮನೆ ಮುಂದಿನ ಸ್ಕೂಟರುಗಳೆಲ್ಲ ಹಿಂದೆ ಸರಿದು ಕಾಶಿಯ ಹನುಮಾನ್ ಘಾಟಿನ ಗಲ್ಲಿ ಕಣ್ಣೆದುರು ಬರುತ್ತದೆ. ಎದುರಿನಿಂದ ಒಂದು ಹಸು ಬಂದರೆ ನಾವು ಯಾರದೋ ಮನೆಯ ಹೊಸ್ತಿಲು ಹತ್ತಿ ನಿಲ್ಲಬೇಕಾಗಿದ್ದ, ಬೇಸಿಗೆಯಲ್ಲೂ ಕಲ್ಲು ತಣ್ಣಗೆ ಒದ್ದೆಯಾಗಿರುತ್ತಿದ್ದ ಗಲ್ಲಿ. ಗಾಡಿಯವನು ನನಗೆ ಹಸಿವಾಗಿದೆಯೆಂದುಕೊಂಡು ತಟ್ಟೆ ಎತ್ತಿಕೊಳ್ಳುತ್ತಾನೆ. ನಾನು ಬೇಡವೆಂದು ತಲೆಯಾಡಿಸಿ ಮುಂದೆ ನಡೆಯುತ್ತೇನೆ. ನನಗೆ ಬೇಕಾದದ್ದು ಅವನ ತಟ್ಟೆಯಲ್ಲಿಲ್ಲ ಎಂದು ಅವನಿಗೆ ಹೇಗೆ ಹೇಳಲಿ? ನಿಮಗೂ ಇಂಥದೊಂದು ವಾಸನೆ ಇರಬಹುದು. ಇದ್ದರೆ, ಅದು ಬಂದಷ್ಟೇ ಬೇಗ ಹೊರಟುಹೋಗುವುದೂ ನಿಮಗೆ ಗೊತ್ತಿರುತ್ತದೆ.

ನಾನು ಹುಟ್ಟಿ ಬೆಳೆದದ್ದು ಆ ಗಲ್ಲಿಯಲ್ಲೇ. ನಮ್ಮಜ್ಜನ ಅಜ್ಜ ಯಾವ ಕಾಲದಲ್ಲೋ ಕರ್ನಾಟಕದಿಂದ ಕಾಶಿಗೆ ಬಂದು ನಿಂತವರು. ದಕ್ಷಿಣದಿಂದ ಬರುವ ಯಾತ್ರಿಕರಿಗೆ ಗಂಗಾಪೂಜೆ, ಶ್ರಾದ್ಧ ಮಾಡಿಸುವುದು, ಅವರಿಗೆ ಉಳಿಯಲು ಜಾಗ ಕೊಟ್ಟು ಊಟ ಹಾಕುವುದು ಮನೆತನದ ವೃತ್ತಿ. ಕೆಳಗಿನ ಅಂಕಣದಲ್ಲಿ ಉದ್ದಕ್ಕೆ ಎಲೆ ಹಾಕಿ ಪಂಕ್ತಿ ಕೂರಿಸುತ್ತಿದ್ದರು. ಅದರ ಹಿಂದೆ ಅಡಿಗೆಮನೆ. ಮೇಲಿನ ಎರಡು ಕೋಣೆಗಳಲ್ಲಿ ನಾವು: ಅಜ್ಜ, ಅಜ್ಜಿ, ಅಪ್ಪ, ಅಮ್ಮ, ನಾನು, ನನಗಿಂತ ಎರಡು ವರ್ಷಕ್ಕೆ ಚಿಕ್ಕವನಾದ ತಮ್ಮ ನಾಗೂ. ಬೆಳಗಾಗುವ ಮೊದಲೇ ಕೆಳಗಿನಿಂದ ಅಜ್ಜನ ಮಂತ್ರದ ಧ್ವನಿ, ಹಂಡೆಗೆ ನೀರು ಸುರಿಯುವ ಸದ್ದು, ಒದ್ದೆ ಸೀರೆಯ ಅಂಚು ನೆಲಕ್ಕೆ ಬಡಿಯುವ ಸದ್ದು ಕೇಳುತ್ತಿದ್ದವು. ಆ ಸೀರೆ ಅಮ್ಮನದು. ಮಡಿಯಲ್ಲಿ ಒಲೆಯ ಮುಂದೆ ನಿಂತರೆ ಅವಳಿಗೆ ಮಧ್ಯಾಹ್ನ ಇಳಿಯುವವರೆಗೂ ಬಿಡುವಿರಲಿಲ್ಲ. ಯಾರ್ಯಾರದೋ ತಂದೆ, ಯಾರ್ಯಾರದೋ ತಾತ ಮುತ್ತಾತಂದಿರಿಗೆ ವಡೆ, ಪಾಯಸ, ಎಳ್ಳುಂಡೆಗಳನ್ನು ಅಮ್ಮ ತನ್ನ ಜೀವಮಾನವಿಡೀ ಬೇಯಿಸಿದಳು. ನನಗೂ ನಾಗುವಿಗೂ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ. ಬೆಳಗಿನ ಗಂಗಾಸ್ನಾನ ಬಿಟ್ಟರೆ ಅಮ್ಮ ಹೊಸ್ತಿಲು ದಾಟುತ್ತಿದ್ದದ್ದೇ ಅಪರೂಪವಾದ್ದರಿಂದ ಅವಳ ತವರೂರು ಮೈಸೂರಿನ ಕನ್ನಡ ಹಾಗೇ ಉಳಿದಿತ್ತು. ಅವಳ ಹಿಂದಿ ಮಾತ್ರ ತರಕಾರಿಯವನಿಗೆ ಬಿಟ್ಟು ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿದ್ದ ವರ್ಷಗಳು. ನಮ್ಮ ಮನೆಯಿಂದ ಶಿವಾಲಾ ಘಾಟಿನ ಕಡೆಗೆ ಹೋಗುವ ತಿರುವಿನಲ್ಲಿ, ಒಬ್ಬ ತೆಲುಗು ವೈದಿಕರ ಮನೆಯ ಮುಂಭಾಗದ ಕೋಣೆಯಲ್ಲಿ, ಒಂದು ಹೋಟೆಲ್ಲು ತೆರೆಯಿತು. ನಡೆಸುತ್ತಿದ್ದವರು ಗಂಡ ಹೆಂಡತಿ. ಅವನು ಶ್ಯಾಮಲ್, ಬಂಗಾಳಿ, ಕಾಶಿಯಲ್ಲೇ ಬೆಳೆದವನು, ಎಲ್ಲರಿಗೂ ಶ್ಯಾಮಲ್‌ದಾ. ಅವಳು ಯೂಮಿಕೊ, ಜಪಾನಿನವಳು. ಸಿತಾರ್ ಕಲಿಯಲು ಬಂದು, ಸಿತಾರಿಗಿಂತ ಶ್ಯಾಮಲ್‌ದಾನನ್ನೇ ಹೆಚ್ಚು ಮೆಚ್ಚಿ ಇಲ್ಲೇ ನಿಂತಳು ಎಂದು ಗಲ್ಲಿಯವರು ಹೇಳುತ್ತಿದ್ದರು. ಬಾಗಿಲ ಮೇಲೆ ಅವರು ಇಂಗ್ಲಿಷಿನಲ್ಲಿ ಏನೋ ಹೆಸರು ಬರೆಸಿದ್ದರು. ಅದನ್ನು ಯಾರೂ ಓದಲಿಲ್ಲ. ಗಲ್ಲಿಗೆಲ್ಲ ಅದು ಜಪಾನಿ ಹೋಟೆಲ್ಲು. ಹಾಗೆ ನೋಡಿದರೆ ಅಲ್ಲಿ ಸಿಗುತ್ತಿದ್ದದ್ದು ಬರೀ ಜಪಾನಿನ ತಿಂಡಿಯಲ್ಲ. ಇಟಲಿಯ ಪೀಜಾ ಇತ್ತು, ಕಡಲೆಕಾಳು ರುಬ್ಬಿ ಎಣ್ಣೆ ಹಾಕಿ ಕೊಡುತ್ತಿದ್ದ ಅರಬರ ಚಟ್ನಿ ಇತ್ತು, ಸೇಬು ತುಂಬಿ ಸುಡುತ್ತಿದ್ದ ಪೈ ಇತ್ತು, ಯಾವನೋ ಮೆಕ್ಸಿಕೋದ ಪ್ರವಾಸಿ ಹೇಳಿಕೊಟ್ಟು ಹೋಗಿದ್ದ ರಾಜ್ಮಾ ರೊಟ್ಟಿಯೂ ಇತ್ತು. ಆದರೆ ಮನೆಯ ಮಾಲೀಕರಾದ ತೆಲುಗು ವೈದಿಕರು ಕೋಣೆ ಕೊಡುವಾಗಲೇ ಷರತ್ತು ಹಾಕಿದ್ದರು. ಮೀನು ಮಾಂಸ ಇರಲಿ, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿಯೂ ಆ ಹೊಸ್ತಿಲು ದಾಟಕೂಡದು. ಹೀಗಾಗಿ ಇಡೀ ಜಗತ್ತಿನ ಅಡಿಗೆ ನಮ್ಮ ಗಲ್ಲಿಗೆ ಬರುವ ಮುಂಚೆ ಗಂಗೆಯಲ್ಲಿ ಒಂದು ಮುಳುಗು ಹಾಕಿಕೊಂಡೇ ಬರುತ್ತಿತ್ತು. ಈಗ ಹೊರಗೆ ಎಲ್ಲೇ ಪೀಜಾ ತಿಂದರೂ ಅದರಲ್ಲಿ ಏನೋ ಹೆಚ್ಚಾಗಿದೆ ಅನ್ನಿಸುತ್ತದೆ ನನಗೆ.

ನಮ್ಮನ್ನು ಅಲ್ಲಿಗೆ ಮೊದಲು ಕರೆದುಕೊಂಡು ಹೋದವನು ಶ್ರೀಧರ ಮಾಮ, ಅಮ್ಮನ ತಮ್ಮ. ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಮುಂದಿನ ಓದಿಗೆಂದು ಕಾಶಿಯ ವಿಶ್ವವಿದ್ಯಾಲಯಕ್ಕೆ ಬಂದು ಹಾಸ್ಟೆಲಿನಲ್ಲಿದ್ದ. ಅಕ್ಕ ಇರುವ ಊರೆಂದೇ ಅವನು ಈ ಊರು ಆರಿಸಿಕೊಂಡದ್ದು. ಭಾನುವಾರ ಸಂಜೆ ಸೈಕಲ್ ತುಳಿದುಕೊಂಡು ಬಂದು ಗಲ್ಲಿಯ ಬಾಯಲ್ಲಿ ಗಂಟೆ ಬಾರಿಸಿದರೆ ನಾನೂ ನಾಗುವೂ ಮೆಟ್ಟಿಲು ಹಾರಿಕೊಂಡು ಓಡುತ್ತಿದ್ದೆವು. ಅಜ್ಜ ತಡೆಯುತ್ತಿರಲಿಲ್ಲ. "ಮುಂಜಿ ಆಗೋವರೆಗೂ ಅವನಿಗೇನೂ ಅಂಟಲ್ಲ. ಇವಳಿಗೂ ಮದುವೆ ಆಗೋವರೆಗೆ ಅಷ್ಟೇ," ಎನ್ನುತ್ತಿದ್ದರು. ಶಾಸ್ತ್ರದಲ್ಲಿ ಹಾಗೆ ಬರೆದಿತ್ತೋ, ಮೊಮ್ಮಕ್ಕಳ ಮುಖ ನೋಡಿ ಅವರೇ ಮಾಡಿಕೊಂಡಿದ್ದರೋ ಗೊತ್ತಿಲ್ಲ.

ಆ ಕೋಣೆಯಲ್ಲಿದ್ದದ್ದು ಐದು ಮೇಜು. ಒಂದಕ್ಕೊಂದು ಹೊಂದದ ಕುರ್ಚಿಗಳು. ಗೋಡೆಗೆ ತಿಳಿ ಹಳದಿ ಸುಣ್ಣ, ಮೂಲೆಯಲ್ಲಿ ಗವಸು ಹಾಕಿದ ಸಿತಾರ್, ಕಿಟಕಿಯ ಕಂಬಿಗಳ ನಡುವೆ ಸೀರೆಯ ಸೆರಗಿನಷ್ಟು ಅಗಲಕ್ಕೆ ಕಾಣುತ್ತಿದ್ದ ಗಂಗೆ. ಕರೆಂಟು ಹೋದರೆ, ಅದಂತೂ ದಿನವೂ ಹೋಗುತ್ತಿತ್ತು, ಯೂಮಿಕೊ ಮೇಜಿಗೊಂದು ಮೇಣದಬತ್ತಿ ಇಡುತ್ತಿದ್ದಳು. ಆಗ ಅಲ್ಲಿ ಕೂತ ಫ್ರಾನ್ಸಿನವರು, ಇಸ್ರೇಲಿನವರು, ಸಾರನಾಥದಿಂದ ಬಂದ ಬೌದ್ಧ ಸನ್ಯಾಸಿಗಳು ಎಲ್ಲರೂ ಒಂದೇ ಮನೆಯವರ ಹಾಗೆ ಕಾಣುತ್ತಿದ್ದರು. ಶ್ಯಾಮಲ್‌ದಾ ತಾರಸಿಯ ಮೇಲೆ ಗಂಗೆಯ ಮಣ್ಣಿನಿಂದ ಒಂದು ಗುಡ್ಡದಂಥ ಒಲೆ ಕಟ್ಟಿದ್ದ. ಪೀಜಾ ಹದವಾಗಿ ಉಬ್ಬುವ ಹೊತ್ತಿಗೆ ಸರಿಯಾಗಿ ಕೋತಿಗಳು ಬರುತ್ತಿದ್ದವು. ಒಮ್ಮೆ ಒಂದು ಕೋತಿ ಬಿಸಿ ಪೀಜಾ ಎತ್ತಿಕೊಂಡು, ಕೈ ಸುಟ್ಟು, ಕೆಳಗೆ ಹೋಗುತ್ತಿದ್ದ ಹಾಲಿನವನ ತಲೆಯ ಮೇಲೆ ಹಾಕಿತು. ಹಾಲಿನವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೂಸಿ, ಗೋಡೆಗೆ ಒರಗಿ ನಿಂತು ಪೂರ್ತಿ ತಿಂದು, ಮರುದಿನದಿಂದ ಶ್ಯಾಮಲ್‌ದಾನಿಗೆ ಒಳ್ಳೆಯ ಹಾಲು ಹಾಕತೊಡಗಿದ.

ನಾವು ಮನೆಗೆ ಬಂದ ಕೂಡಲೇ ಅಮ್ಮ ಕೇಳುತ್ತಿದ್ದಳು. ಮಾರನೆಯ ದಿನದ ಉದ್ದು ನೆನೆಹಾಕುತ್ತಲೋ, ಬಾಳೆಎಲೆ ಒರೆಸುತ್ತಲೋ, ತಲೆ ಎತ್ತದೆ, "ಇವತ್ತೇನು ತಿಂದ್ರಿ?" ಎನ್ನುತ್ತಿದ್ದಳು. ಬರೀ ಹೆಸರು ಹೇಳಿದರೆ ಸಾಲದು. ಹಿಟ್ಟು ಯಾವುದು, ಹುಳಿ ಎಲ್ಲಿಂದ ಬಂತು, ಬಾಯಿಗಿಟ್ಟರೆ ಕರಗುತ್ತದೋ ಅಗಿಯಬೇಕೋ ಎಲ್ಲ ಆಗಬೇಕು. ನಾಗೂ ನೂಡಲ್ಸನ್ನು ಹೇಗೆ ಸೊರ್ರೆಂದು ಎಳೆದುಕೊಳ್ಳಬೇಕು ಎಂದು ಅಭಿನಯಿಸಿ ತೋರಿಸುತ್ತಿದ್ದ. ಅಮ್ಮ ಕೈ ನಿಲ್ಲಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಆಮೇಲೆ, "ಎಳ್ಳೆಣ್ಣೆ ಹಾಕಿರಬೇಕು," ಎಂದು ತನಗೆ ತಾನೇ ಹೇಳಿಕೊಂಡು ಮತ್ತೆ ಎಲೆ ಒರೆಸುತ್ತಿದ್ದಳು.

ಆ ವರ್ಷದ ಪಿತೃಪಕ್ಷದಲ್ಲಿ ಯಾತ್ರಿಕರು ಮನೆ ತುಂಬಿ ಗಲ್ಲಿಗೂ ಚೆಲ್ಲಿದ್ದರು. ಪಂಕ್ತಿಯ ಮೇಲೆ ಪಂಕ್ತಿ. ಒಂದು ಮಧ್ಯಾಹ್ನ ಮಾಮ ಬಂದಾಗ ಗಂಡಸರೆಲ್ಲ ಉಂಡು ಮಲಗಿದ್ದರು. ಅಮ್ಮ ಅಡಿಗೆಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಪಾತ್ರೆಯ ತಳದಲ್ಲಿ ಉಳಿದ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು, ಪಾತ್ರೆಯಿಂದಲೇ ತಿನ್ನುತ್ತಿದ್ದಳು.

"ಅಕ್ಕ, ಕೂತ್ಕೊಂಡು ತಿನ್ನಬಾರದಾ?" ಎಂದ ಮಾಮ.

"ಕೂತರೆ ಏಳೋದು ಕಷ್ಟ ಕಣೋ."

ಮಾಮ ಬಾಗಿಲಿಗೆ ಒರಗಿ, "ನೀನು ಕೂತು, ಬೇರೆಯವರು ಮಾಡಿ ಬಡಿಸಿ, ಊಟ ಮಾಡಿದ್ದು ಯಾವಾಗ?" ಎಂದು ಕೇಳಿದ.

ಅಮ್ಮ ನಿಜವಾಗಿಯೂ ಯೋಚಿಸಿದಳು. "ಮದುವೇಲಿ. ಭೂಮದೂಟದ ದಿನ," ಎಂದಳು. ಹೇಳಿ ನಕ್ಕಳು. ಮಾಮ ನಗಲಿಲ್ಲ. ಅವರಿಬ್ಬರೂ ಚಿಕ್ಕವರಿದ್ದಾಗಲೇ ಅವರಮ್ಮ ತೀರಿಕೊಂಡಿದ್ದರು. ಅಕ್ಕ ಲಂಗ ಎತ್ತಿ ಕಟ್ಟಿ, ಮಣೆಯ ಮೇಲೆ ನಿಂತು ಒಲೆ ಎಟುಕಿಸಿಕೊಂಡು ಮಾಡಿ ಹಾಕಿದ ಅನ್ನ ಉಂಡು ಬೆಳೆದವನು ಅವನು. ತವರಿನಲ್ಲೂ ಅವಳನ್ನು ಕೂರಿಸಿ ಬಡಿಸುವವರು ಯಾರೂ ಇರಲಿಲ್ಲ. ಅವನು ಸೈಕಲ್ ತಳ್ಳಿಕೊಂಡು ಹೋಗುವಾಗ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಯಾಕೆಂದು ಆಗ ತಿಳಿಯಲಿಲ್ಲ.

ಪಿತೃಪಕ್ಷ ಕಳೆದು ಒಲೆಗಳು ಆರಿದ ಮೇಲೆ ಒಂದು ಸಂಜೆ ಮಾಮ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದು, ಅಕ್ಕನನ್ನು ಹೊರಗೆ ಕರೆದುಕೊಂಡು ಹೋಗುತ್ತೇನೆ ಎಂದ. ಅಮ್ಮ ಅಜ್ಜಿಯ ಮುಂದೆ ನಿಂತು, "ಅತ್ತೆ, ಶ್ರೀಧರ ಕರೀತಿದಾನೆ. ದುರ್ಗಾ ಮಂದಿರಕ್ಕೆ ಹೋಗಿ ಬರ್ಲಾ?" ಎಂದು ಕೇಳಿದಳು. ಅಜ್ಜಿ ಹೂಬತ್ತಿ ಹೊಸೆಯುತ್ತಿದ್ದರು. ಅಮ್ಮನನ್ನೂ ಮಾಮನ ಶರ್ಟನ್ನೂ ನೋಡಿ, "ಹೋಗಿ ಬಾ. ಆ ಹಸಿರು ಸೀರೆ ಉಟ್ಕೊಂಡು ಹೋಗು. ನಿಧಾನಕ್ಕೆ ಬಾ, ರಾತ್ರಿಗೆ ಚಿತ್ರಾನ್ನ ನಾನು ಮಾಡ್ತೀನಿ," ಎಂದರು. ದುರ್ಗಾ ಮಂದಿರಕ್ಕೆ ನಾವು ಹೋದದ್ದೇನೋ ನಿಜ. ರಿಕ್ಷಾದಲ್ಲಿ ಅಮ್ಮನ ತೊಡೆಯ ಮೇಲೆ ನಾಗೂ, ಪಕ್ಕದಲ್ಲಿ ನಾನು, ಹಿಂದೆ ಸೈಕಲಿನಲ್ಲಿ ಮಾಮ. ಬರುವಾಗ ರಿಕ್ಷಾ ಇಳಿದು ಗಲ್ಲಿಗೆ ಹೊಕ್ಕ ಮೇಲೆ ಮಾಮ ನಮ್ಮ ಮನೆಯ ಕಡೆ ತಿರುಗದೆ ಶಿವಾಲಾ ಕಡೆ ತಿರುಗಿದ. ಅಮ್ಮನೂ ಅವನ ಹಿಂದೆ ನಡೆದಳು.

ಬಾಗಿಲಲ್ಲಿ ಅಮ್ಮ ಚಪ್ಪಲಿ ಬಿಟ್ಟಳು. ಹೋಟೆಲಿನಲ್ಲಿ ಬಿಡಬೇಕಿಲ್ಲ ಎಂದು ಮಾಮ ಹೇಳುವಷ್ಟರಲ್ಲಿ ಒಳಗಿನಿಂದ ಬಂದ ಯೂಮಿಕೊ ಅದನ್ನು ನೋಡಿ, ತಾನೂ ಬರಿಗಾಲಲ್ಲಿರುವುದನ್ನು ಬೊಟ್ಟು ಮಾಡಿ ತೋರಿಸಿ, ನಡು ಬಗ್ಗಿಸಿ ನಮಸ್ಕಾರ ಮಾಡಿದಳು. ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದಳು. ಅಮ್ಮ ನೇರವಾಗಿ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತು, ತೊಳೆದಿಟ್ಟ ಪಾತ್ರೆ, ಮುಚ್ಚಿಟ್ಟ ನೀರು, ಒರೆಸಿದ ಒಲೆಕಟ್ಟೆ ಎಲ್ಲ ನೋಡಿದಳು. ನೋಡಿ, ಮೆಲ್ಲಗೆ ಬಂದು ಕಿಟಕಿಯ ಪಕ್ಕದ ಕುರ್ಚಿಯ ಅಂಚಿನಲ್ಲಿ ಕೂತಳು. ಕುರ್ಚಿ ಯಾರದೋ ಎರವಲು ಅನ್ನುವ ಹಾಗೆ.

ಮೊದಲು ಬಂದದ್ದು ಬಿಸಿ ನೂಡಲ್ಸಿನ ಸಾರು. ಯೂಮಿಕೊ ಬಟ್ಟಲುಗಳನ್ನು ತರುತ್ತಿದ್ದ ಹಾಗೆ ಅಮ್ಮ ಸರಕ್ಕನೆ ಎದ್ದು ಕೈ ನೀಡಿದಳು. "ಅಕ್ಕ, ಕೂತ್ಕೋ," ಎಂದ ಮಾಮ. ನೀರು ತಂದಾಗ ಮತ್ತೆ ಎದ್ದಳು. ಮಾಮ ಅವಳ ಸೆರಗಿನ ತುದಿಯನ್ನು ಹಿಡಿದು, ಮಕ್ಕಳ ಹಾಗೆ, ಬಿಡಲೇ ಇಲ್ಲ. ತಟ್ಟೆಗಳು ಬರುವಾಗ ಅಮ್ಮ ಏಳಲಿಲ್ಲ. ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು, ಬೇರೊಬ್ಬಳು ತನಗಾಗಿ ನಡೆದು ಬರುವುದನ್ನು ನೋಡುತ್ತ ಕೂತಳು. ಆ ಮುಖವನ್ನು ಹೇಗೆ ವರ್ಣಿಸಲಿ? ಫೋಟೋ ತೆಗೆಸಿಕೊಳ್ಳುವವರ ಮುಖದಲ್ಲಿ ಒಂದು ಗಾಬರಿ, ಒಂದು ಗೌರವ ಇರುತ್ತದಲ್ಲ, ಹಾಗಿತ್ತು.

ನೂಡಲ್ಸಿನ ಒಂದು ಎಳೆ ಬಾಯಿಗಿಟ್ಟು, "ಶಾವಿಗೆ," ಎಂದಳು. ಎರಡನೆಯದಕ್ಕೆ, "ಶಾವಿಗೆ ಅಲ್ಲ," ಎಂದಳು. ಮೂರನೆಯದಕ್ಕೆ ಏನೂ ಹೇಳಲಿಲ್ಲ. ಪೀಜಾದ ತುಂಡನ್ನು ಎಡಗೈ ಸೋಕಿಸದೆ ಮಡಚಿ, ಚೂರು ಚೂರಾಗಿ ಮುರಿದು, ಕರಗಿದ ಚೀಸು ನೂಲಿನ ಹಾಗೆ ಎಳೆದುಕೊಂಡು ಬಂದಾಗ ಅದನ್ನು ಬೆರಳಿಗೆ ಸುತ್ತಿಕೊಂಡು ನಕ್ಕಳು. ಹೊರಗೆ ಕತ್ತಲಾಗುತ್ತಿತ್ತು. ನದಿಯ ಮೇಲೆ ದೀಪಗಳು ಹೊರಟಿದ್ದವು. ಮಾಮನಿಗೆ ಅಮ್ಮ ತಾವು ಚಿಕ್ಕವರಿದ್ದಾಗಿನ ಮಾತು ಹೇಳತೊಡಗಿದಳು. ಒಮ್ಮೆ ಅವರಪ್ಪ ಸಂಬಳದ ದಿನ ದೋಸೆ ತಿನ್ನಿಸಲು ಕರೆದುಕೊಂಡು ಹೋದದ್ದು, ಮಾಮ ಚಟ್ನಿಯ ಬಟ್ಟಲಿಗೆ ಮೂಗು ಅದ್ದಿದ್ದು, ಮಾಣಿ ಬಂದು ಮೂಗು ಒರೆಸಿದ್ದು. ಅಮ್ಮ ಇಷ್ಟು ಮಾತಾಡುತ್ತಾಳೆಂದೇ ನಮಗೆ ಗೊತ್ತಿರಲಿಲ್ಲ. ನಾಗೂ ತಿನ್ನುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ. ಬಟ್ಟಲು ಖಾಲಿಯಾಯಿತು. ಅಮ್ಮ ಅದರ ತಳ ನೋಡಿ, ಮಾಮನ ಕಡೆ ಬಾಗಿ, ತಗ್ಗಿದ ದನಿಯಲ್ಲಿ, "ಇನ್ನೊಂಚೂರು ಬಡಿಸ್ತಾರಾ ಕೇಳು," ಎಂದಳು.

ನಮ್ಮ ಮನೆಯಲ್ಲಿ ದಿನವೂ ಆ ಮಾತನ್ನು ಎಷ್ಟೋ ಜನ ಹೇಳುತ್ತಿದ್ದರು, ಎಲ್ಲರೂ ಅಮ್ಮನಿಗೆ. ಅಮ್ಮನ ಬಾಯಿಂದ ಅದನ್ನು ನಾನು ಕೇಳಿದ್ದು ಅದೇ ಮೊದಲು. ಯೂಮಿಕೊಗೆ ಮಾತು ಅರ್ಥವಾಗಲಿಲ್ಲ, ಖಾಲಿ ಬಟ್ಟಲು ಅರ್ಥವಾಯಿತು. ಅವಳು ಎರಡು ಕೈಯಲ್ಲಿ ಬಟ್ಟಲೆತ್ತಿಕೊಂಡು ಒಳಗೆ ಓಡಿದಳು. ನಾವು ಹೊರಡುವ ಮುಂಚೆ ಮಾಮನಿಂದ ಆ ಮಾತನ್ನು ಮತ್ತೆ ಮತ್ತೆ ಹೇಳಿಸಿಕೊಂಡು ಕಲಿತಳು.

ಅಮ್ಮ ಆ ಬಾಗಿಲಿಂದ ಹೊರಗೆ ಬರುವಾಗ ಎದುರು ಮನೆಯ ದೀಕ್ಷಿತರು ನೋಡಿದ್ದರು. ಅವರೂ ವೈದಿಕರೇ, ಅವರ ಮನೆಗೂ ಯಾತ್ರಿಕರು ಬರುತ್ತಿದ್ದರು. ಮರುದಿನ ಬೆಳಗ್ಗೆ ಸ್ನಾನ ಮುಗಿಸಿ ಬರುತ್ತ ಅಜ್ಜನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಪರದೇಶದವರ ಕೈಯಲ್ಲಿ ತಿಂದವರು ಶ್ರಾದ್ಧದ ಅಡಿಗೆ ಮಾಡಬಹುದೇ, ಶ್ರಾದ್ಧ ಮಾಡಿಸಲು ಊರಿಂದ ಬರುವ ಯಜಮಾನರಿಗೆ ತಿಳಿದರೆ ಏನೆಂದಾರು ಎಂದು ಕೇಳಿದರಂತೆ. ಅದು ಸಣ್ಣ ಮಾತಾಗಿರಲಿಲ್ಲ. ನಮ್ಮ ಮನೆ ನಿಂತಿದ್ದದ್ದೇ ಆ ಅಡಿಗೆಮನೆಯ ಮಡಿಯ ಮೇಲೆ. ಯಾತ್ರಿಕರ ಒಂದು ಕುಟುಂಬ ಬೇರೆ ವೈದಿಕರ ಮನೆಗೆ ಹೋದರೆ ಅದರ ಹಿಂದೆ ಅವರೂರಿನ ಬೀದಿಯೇ ಹೋಗುತ್ತದೆ. ಅಜ್ಜ ಬಂದು ಅಂಕಣದ ಕಂಬಕ್ಕೆ ಒರಗಿ ಕೂತು, ಅಮ್ಮನನ್ನು ಕರೆದರು. ಅಪ್ಪ ಕೈಯಲ್ಲಿ ದರ್ಭೆ ಹಿಡಿದುಕೊಂಡು ಗೋಡೆಯ ಹತ್ತಿರ ನಿಂತಿದ್ದ. ನಾನೂ ನಾಗುವೂ ಮೆಟ್ಟಿಲ ಮೇಲಿಂದ ಇಣುಕುತ್ತಿದ್ದೆವು. ಅಮ್ಮನನ್ನು ತವರಿಗೆ ಕಳಿಸಿಬಿಡುತ್ತಾರೆ ಎಂದು ನಾಗೂ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದ.

"ಆ ಹೋಟೆಲಲ್ಲಿ ತಿಂದ್ಯಾ, ಲಲಿತಾ?" ಎಂದರು ಅಜ್ಜ.

"ಹೌದು ಮಾವ. ತಿಂದೆ."

"ಮಕ್ಕಳು ಹಟ ಮಾಡಿದ್ವಾ?"

ಅಜ್ಜ ಅವಳಿಗೆ ಒಂದು ದಾರಿ ತೋರಿಸಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ. ಅಮ್ಮ ಆ ದಾರಿ ಹಿಡಿಯಲಿಲ್ಲ. "ಇಲ್ಲ. ನಂಗೇ ಬೇಕು ಅನ್ನಿಸ್ತು. ಯಾರಾದ್ರೂ ಬಡಿಸಿದ್ರೆ ಕೂತು ತಿನ್ನಬೇಕು ಅಂತ," ಎಂದಳು. ದನಿ ನಡುಗಿತು, ಆದರೆ ಮಾತು ಪೂರ್ತಿಯಾಯಿತು.

ಅಜ್ಜ ಏನು ಹೇಳುತ್ತಿದ್ದರೋ, ಅಷ್ಟರಲ್ಲಿ ಅಡಿಗೆಮನೆಯ ಕತ್ತಲಿನಿಂದ ಅಜ್ಜಿಯ ದನಿ ಬಂತು. "ನಂಗೂ ಅನ್ನಿಸಿತ್ತು. ಈ ಮನೆಗೆ ಬಂದ ಲಾಗಾಯ್ತು ಅನ್ನಿಸ್ತಾನೇ ಇದೆ. ಇವಳು ಹೋಗಿ ಬಂದ್ಲು, ನಾನು ಹೋಗಲಿಲ್ಲ, ಅಷ್ಟೇ ವ್ಯತ್ಯಾಸ." ಅಜ್ಜಿ ಹೊರಗೆ ಕೂಡ ಬರಲಿಲ್ಲ. ಕೊಳಗ ಎಳೆಯುವ ಸದ್ದು ಕೇಳಿಸಿತು, ಆಮೇಲೆ ಅದೂ ನಿಂತಿತು. ಅಜ್ಜ ಎದ್ದು, ಕೋಲು ತೆಗೆದುಕೊಂಡು, ತಮ್ಮ ತಾಮ್ರದ ಚೊಂಬಿನಲ್ಲಿ ನೀರು ತುಂಬಿಕೊಂಡು ಹೊರಟರು.

ನಾನೂ ನಾಗುವೂ ಹಿಂದೆಯೇ ಹೋದೆವು. ಅಜ್ಜ ಜಪಾನಿ ಹೋಟೆಲಿನ ಬಾಗಿಲಲ್ಲಿ ನಿಂತು ಕೆಮ್ಮಿದರು. ಶ್ಯಾಮಲ್‌ದಾ ಗಾಬರಿಯಿಂದ ಓಡಿಬಂದು ಕುರ್ಚಿ ಒರೆಸಿದ. ಅಜ್ಜ ಕೂರಲಿಲ್ಲ. ಅಡಿಗೆಮನೆಯ ಬಾಗಿಲಿಗೆ ಹೋಗಿ, ಹಿಂದಿನ ಸಂಜೆ ಅಮ್ಮ ನಿಂತಿದ್ದ ಜಾಗದಲ್ಲೇ ನಿಂತು, ಒಳಗೆ ನೋಡಿದರು. ಯೂಮಿಕೊ ಅಕ್ಕಿ ತೊಳೆಯುತ್ತಿದ್ದಳು. ನೀರು ಬದಲಿಸಿ ತೊಳೆದಳು, ಮತ್ತೆ ಬದಲಿಸಿ ತೊಳೆದಳು, ನೀರು ತಿಳಿಯಾಗುವವರೆಗೂ ಬಿಡಲಿಲ್ಲ. ಅಜ್ಜ ಅಲ್ಲಿಯವರೆಗೂ ನಿಂತೇ ಇದ್ದರು. ಆಮೇಲೆ ಜಗುಲಿಯ ಮೇಲೆ ಕೂತು, ತಮ್ಮ ಚೊಂಬಿನ ನೀರನ್ನೇ ಕುಡಿದು, ಶ್ಯಾಮಲ್‌ದಾನಿಗೆ, "ಒಲೆ ಚೆನ್ನಾಗಿ ಕಟ್ಟಿದೀಯಂತೆ, ಮಕ್ಕಳು ಹೇಳ್ತವೆ," ಎಂದು ಹಿಂದಿಯಲ್ಲಿ ಹೇಳಿ ಎದ್ದರು. ದೀಕ್ಷಿತರು ಸಿಕ್ಕಾಗ, "ನಾನೇ ಹೋಗಿ ನೋಡಿ ಬಂದೆ. ಶುಚಿ ಇದೆ. ನಮ್ಮ ಮನೇಲಿ ಅಡಿಗೆ ಮಾಡೋ ಸೊಸೆ ಬೆಳಗ್ಗೆ ಎದ್ದು ಗಂಗೇಲಿ ಮುಳುಗೇ ಒಲೆ ಮುಂದೆ ನಿಲ್ಲೋದು. ಗಂಗೆ ಮೇಲೂ ನಿಮಗೆ ಅನುಮಾನ ಇದ್ರೆ ಹೇಳಿ," ಎಂದರು. ದೀಕ್ಷಿತರು ಪಂಚೆ ಸರಿಪಡಿಸಿಕೊಂಡು ಘಾಟಿನ ಕಡೆ ನಡೆದರು. ಯಾತ್ರಿಕರು ಬರುವುದು ನಿಲ್ಲಲಿಲ್ಲ.

ಅಪ್ಪಣೆ ಎಂದು ಅಜ್ಜ ಯಾವತ್ತೂ ಕೊಡಲಿಲ್ಲ. ಆದರೆ ಮುಂದಿನ ತಿಂಗಳು ಯಾತ್ರಿಕರಿಲ್ಲದ ಒಂದು ದಿನ ನೋಡಿ, "ಇವತ್ತು ಸಂಜೆ ಒಲೆ ಹಚ್ಚೋದು ಬೇಡ," ಎಂದರು, ಯಾರ ಮುಖವನ್ನೂ ನೋಡದೆ. ಆಮೇಲೆ ತಿಂಗಳಿಗೊಂದು ಸಂಜೆ ಹಾಗಾಗತೊಡಗಿತು. ಮೂರನೆಯ ಸಲವೋ ನಾಲ್ಕನೆಯ ಸಲವೋ ಅಜ್ಜಿಯೂ ಹೊರಟರು. ಅನ್ನದ ಪದಾರ್ಥ ಮುಟ್ಟುವುದಿಲ್ಲ ಎಂದು ಮೊದಲೇ ಸಾರಿ ಬಂದಿದ್ದ ಅಜ್ಜಿಯ ಮುಂದೆ ಯೂಮಿಕೊ ಸೇಬಿನ ಪೈ ಇಟ್ಟಳು. ಅಜ್ಜಿ ಅದನ್ನು ಸುತ್ತಲೂ ನೋಡಿ, "ಇದು ಹೂರಣದ ಕಡುಬಲ್ವೇನೇ? ಮುಚ್ಚೋಕೆ ಮರೆತಿದಾಳೆ," ಎಂದು ಬಾಯಿಗಿಟ್ಟರು. ಹಲ್ಲಿಲ್ಲದ ಬಾಯಲ್ಲಿ ಬೆಂದ ಸೇಬು, ದಾಲ್ಚಿನ್ನಿ ಕರಗುವಾಗ ಅವರು ಕಣ್ಣರಳಿಸಿದ ರೀತಿ ನೋಡಿ ಪಕ್ಕದ ಮೇಜಿನ ಬಿಳಿಯ ದಂಪತಿಗಳೂ ನಕ್ಕರು. ಆ ಸಂಜೆಗಳಲ್ಲಿ ಮನೆಯಲ್ಲಿ ಉಳಿದ ಗಂಡಸರಿಗೆ ಅಜ್ಜನೇ ಅವಲಕ್ಕಿ ಕಲಸುತ್ತಿದ್ದರು. ಅದರಲ್ಲಿ ಉಪ್ಪು ಎಷ್ಟಿರುತ್ತಿತ್ತೆಂದರೆ ಅಪ್ಪ ತಿಂದು ರಾತ್ರಿಯೆಲ್ಲ ನೀರು ಕುಡಿಯುತ್ತಿದ್ದ. ಆದರೂ ಅಪ್ಪ ಒಂದು ದಿನವೂ ತಕರಾರು ಹೇಳಲಿಲ್ಲ. ನಾವು ಹೊರಡುವಾಗ ಬಾಗಿಲವರೆಗೆ ಬಂದು, ಅಮ್ಮನಿಗೆ ಮಾತ್ರ ಕೇಳಿಸುವ ಹಾಗೆ, "ಹೊಟ್ಟೆ ತುಂಬ ತಿಂದು ಬಾ," ಎನ್ನುತ್ತಿದ್ದ.

ಇಂಥ ಸುಖ ಬಹಳ ದಿನ ನಿಲ್ಲುವುದಿಲ್ಲ ಎನ್ನುವುದು ಮಕ್ಕಳಿಗೆ ಗೊತ್ತಿರುವುದಿಲ್ಲ. ಕೆಲವು ವರ್ಷಗಳ ಮೇಲೆ ಯೂಮಿಕೊಳ ತಂದೆಗೆ ಕಾಯಿಲೆಯೆಂದು ಸುದ್ದಿ ಬಂತು. ಗಂಡ ಹೆಂಡತಿ ಇಬ್ಬರೂ ಜಪಾನಿಗೆ ಹೊರಟರು. ಹೊರಡುವ ಮುಂಚೆ ಅವರನ್ನು ಊಟಕ್ಕೆ ಕರೆಯಿರಿ ಎಂದವರು ಅಜ್ಜ. ಎಲ್ಲಿ ಕೂರಿಸುವುದು ಎಂದು ಅಪ್ಪ ಅನುಮಾನಿಸಿದಾಗ, "ಮನೆಗೆ ಬಂದವರನ್ನ ಎಲ್ಲಿ ಕೂರಿಸ್ತೀವೋ ಅಲ್ಲೇ," ಎಂದರು. ಅಂಕಣದಲ್ಲಿ ಎಲೆ ಹಾಕಿದರು. ಯೂಮಿಕೊ ಹತ್ತಿ ಸೀರೆ ಉಟ್ಟು, ಕಾಲು ಹಿಂದಕ್ಕೆ ಮಡಚಿ, ಬೆನ್ನು ನೆಟ್ಟಗೆ ಮಾಡಿ ಕೂತಳು. ಉಣ್ಣುವ ಮುಂಚೆ ಕೈ ಜೋಡಿಸಿ ಅವಳ ಭಾಷೆಯಲ್ಲಿ ಏನೋ ಹೇಳಿದಳು. ಏನೆಂದು ಅಜ್ಜ ಕೇಳಿದರು. ಅನ್ನವಾಗಿ ಬಂದ ಜೀವಕ್ಕೂ, ಮಾಡಿದವರಿಗೂ ತಲೆಬಾಗಿ ಸ್ವೀಕರಿಸುತ್ತೇನೆ ಎಂದು ಅರ್ಥ ಎಂದ ಶ್ಯಾಮಲ್‌ದಾ. ಅಜ್ಜ ತಲೆದೂಗಿ, "ಮಂತ್ರವೇ," ಎಂದರು. ಅಮ್ಮ ಆವತ್ತು ಶ್ರಾದ್ಧಕ್ಕೆ ಮಾಡದ ಅಡಿಗೆಗಳನ್ನೆಲ್ಲ ಮಾಡಿದ್ದಳು. ಬಿಸಿಬೇಳೆಭಾತು, ಹೀರೇಕಾಯಿ ಬಜ್ಜಿ, ಮೈಸೂರಿನ ನೆನಪಿನಲ್ಲಿ ಹೋಳಿಗೆ. ತಾನೇ ಬಡಿಸಿದಳು. ಯೂಮಿಕೊ ಎಲೆಯ ಭಾತನ್ನೆಲ್ಲ ಬಳಿದು ತಿಂದು, ತಲೆ ಎತ್ತಿ, ಸ್ಪಷ್ಟವಾದ ಕನ್ನಡದಲ್ಲಿ, "ಇನ್ನೊಂಚೂರು," ಎಂದಳು. ಅಮ್ಮ ಬಡಿಸುವ ಸೌಟನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟಳು. ಅಜ್ಜಿ ಕುಂಕುಮ ಕೊಟ್ಟು, ರವಿಕೆ ಕಣ ಕೊಟ್ಟು ಕಳಿಸಿದರು.

ಈಗ ಅವರಲ್ಲಿ ಯಾರೂ ಅಲ್ಲಿಲ್ಲ. ಜಪಾನಿಗೆ ಹೋದವರು ಮತ್ತೆ ಬರಲಿಲ್ಲ. ಅಜ್ಜ, ಅಜ್ಜಿ ಆ ದಶಕ ಮುಗಿಯುವುದರೊಳಗೆ ಗಂಗೆಗೆ ಸೇರಿದರು. ಮಾಮ ಈಗ ದಾವಣಗೆರೆಯಲ್ಲಿ ಮುದುಕ ಡಾಕ್ಟರು. ನಾಗೂ ಸಂಸ್ಕೃತದ ಮೇಷ್ಟರಾಗಿ ಉಜ್ಜಯಿನಿಯಲ್ಲಿದ್ದಾನೆ. ಅಪ್ಪ ತೀರಿದ ಮೇಲೆ ಮನೆಯನ್ನು ಯಾತ್ರಿಕರ ವಸತಿಗೆಂದೇ ಒಂದು ಸಂಸ್ಥೆಗೆ ಬಿಟ್ಟುಕೊಟ್ಟೆವು. ಅಂಕಣದಲ್ಲಿ ಈಗ ಮಂಚಗಳಿವೆಯಂತೆ. ಅಮ್ಮ ಕೊನೆಯ ವರ್ಷಗಳನ್ನು ಮೈಸೂರಿನಲ್ಲಿ, ನನ್ನ ಮನೆಯಲ್ಲಿ ಕಳೆದಳು. ಅವಳು ಹೋಗಿ ಎರಡು ಮಳೆಗಾಲವಾಯಿತು.

ಅದಕ್ಕೂ ಸ್ವಲ್ಪ ಮುಂಚೆ, ಇನ್ನೂ ನಡೆಯಲು ಆಗುತ್ತಿದ್ದಾಗ, ಅವಳನ್ನು ಒಮ್ಮೆ ಕಾಶಿಗೆ ಕರೆದುಕೊಂಡು ಹೋಗಿದ್ದೆ. ಗೋದೌಲಿಯಾ ಚೌಕದಲ್ಲಿ ರಿಕ್ಷಾ ಹಿಡಿದು ಬಂದು ಗಲ್ಲಿಗೆ ಇಳಿದೆವು. ಈಗ ಅಲ್ಲಿ ಹೆಜ್ಜೆಗೊಂದು ಕೆಫೆ. ಬಾಗಿಲುಗಳಿಗೆ ಬಣ್ಣಬಣ್ಣದ ದೀಪ, ಹಲಗೆಗಳ ಮೇಲೆ ಕೊರಿಯಾದ ಅಕ್ಷರ, ಇಸ್ರೇಲಿನ ಅಕ್ಷರ. ನಮ್ಮ ಜಪಾನಿ ಹೋಟೆಲಿದ್ದ ಕೋಣೆಯಲ್ಲಿ ಮಾತ್ರ ಬನಾರಸಿ ಸೀರೆ ಅಂಗಡಿ. ನೆಲಕ್ಕೆಲ್ಲ ಬಿಳಿ ಹಾಸು, ಗೋಡೆಯುದ್ದಕ್ಕೂ ಸೀರೆಗಳ ಪೆಟ್ಟಿಗೆ. ಅಮ್ಮ ಯಾರನ್ನೂ ಕೇಳದೆ ಒಳಗೆ ಹೋಗಿ ಕಿಟಕಿಯ ಪಕ್ಕ ಕೂತಳು. ಮಗ್ಗದ ಸೀರೆ ತೋರಿಸಲೇ, ಮದುವೆಗೋ, ಯಾರಿಗೆ ಎಂದು ಅಂಗಡಿಯವನು ಒಂದೊಂದೇ ಪೆಟ್ಟಿಗೆ ತೆಗೆಯತೊಡಗಿದ. ಅಮ್ಮ ತನ್ನ ಹಳೆಯ ಹಿಂದಿಯಲ್ಲಿ, ಏನೂ ಬೇಡಪ್ಪ, ಸ್ವಲ್ಪ ಹೊತ್ತು ಕೂತಿರುತ್ತೇನೆ ಎಂದಳು. ಅವನು ನನ್ನ ಮುಖ ನೋಡಿದ. ಮತ್ತೇನೂ ಕೇಳದೆ, ಹರಡಿದ ಸೀರೆಗಳನ್ನು ಸದ್ದಿಲ್ಲದೆ ಮಡಚಿಟ್ಟು, ಎದ್ದು ಹೋಗಿ ಮೂಲೆಯ ಫ್ಯಾನನ್ನು ಅಮ್ಮನ ಕಡೆ ತಿರುಗಿಸಿದ.